ಐರೋಲಿಯಲ್ಲಿ ಇಳಿಯದ ಪ್ರಯಾಣಿಕ

ನಾನು ಮಾಡಿದ ಪೆದ್ದುತನವನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಅವರು ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕುತ್ತಾರೆ. ಮೊದಲ ವರ್ಷದ ಪ್ರೋಗ್ರಾಮಿಂಗ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನ್ನ ಪ್ರೋಗ್ರಾಂ ಒಂದೂ ತಪ್ಪಿಲ್ಲದೆ ಓಡಿತು. ಪರದೆಯ ಮೇಲೆ ಅಂಕಿಗಳು ಚಿಕ್ಕದರಿಂದ ದೊಡ್ಡದಕ್ಕೆ ಶಿಸ್ತಾಗಿ ಸಾಲುಗಟ್ಟಿ ನಿಂತವು. ಅವುಗಳ ಕೆಳಗೆ, ಈ ಪ್ರೋಗ್ರಾಂ ಬರೆದವರು ಎಂದು ಒಂದು ಹೆಸರು ಮೂಡಿತು. ಅದು ನನ್ನ ಹೆಸರಲ್ಲ. ನಮಗಿಂತ ಮುಂದಿದ್ದ ಸೀನಿಯರ್ ಒಬ್ಬನದು.

ಅವನ ಹಳೆಯ ಪ್ರೋಗ್ರಾಂಗಳನ್ನು ನಾನು ಮೇಲಿನಿಂದ ಕೆಳಗಿನವರೆಗೆ ಬಾಯಿಪಾಠ ಮಾಡಿದ್ದೆ. ಬಾಯಿಪಾಠ ಮಾಡುವವನಿಗೆ ಎಲ್ಲ ಸಾಲುಗಳೂ ಒಂದೇ. ಲೆಕ್ಕ ಮಾಡುವ ಸಾಲು ಯಾವುದು, ಹೆಸರು ಅಚ್ಚು ಮಾಡುವ ಸಾಲು ಯಾವುದು ಎಂದು ಅವನು ನೋಡುವುದಿಲ್ಲ. ನಾನೂ ನೋಡಲಿಲ್ಲ.

ಹೊರಗಿನ ಪರೀಕ್ಷಕರು ಠಾಣೆಯ ಒಂದು ಕಾಲೇಜಿನವರು. ಕನ್ನಡಕವನ್ನು ಹಣೆಗೇರಿಸಿ ಪರದೆ ನೋಡಿದರು, ನನ್ನ ಹಾಲ್ ಟಿಕೆಟ್ ನೋಡಿದರು, ಮತ್ತೆ ಪರದೆ ನೋಡಿದರು.

"ಯೇ ಕೌನ್ ಹೈ?"

ಆಗ ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. "ಮೇರೇ ಗುರು ಹೈ, ಸರ್" ಎಂದೆ. ಲ್ಯಾಬ್ ತುಂಬ ನಗು. ಅವರು ಮಾತ್ರ ನಗಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ಏನು ಮಾಡುತ್ತದೆ ಹೇಳು ಎಂದರು. ನಾನು ಪ್ರೋಗ್ರಾಮಿಂಗ್ ಕಲಿಸುವ ನಮ್ಮ ಮೇಡಂ ತರಗತಿಯಲ್ಲಿ ಹೇಳಿದ್ದನ್ನು ಅವರದೇ ಧಾಟಿಯಲ್ಲಿ, ಅವರು ಎಲ್ಲಿ ಕೆಮ್ಮುತ್ತಾರೋ ಅಲ್ಲೇ ಕೆಮ್ಮಿ, ಒಪ್ಪಿಸಿದೆ. ಪರೀಕ್ಷಕರು ಕೇಳಿದ್ದು ಬೇರೆ ಸಾಲು. ನನ್ನ ಹಿಂದೆ ಮೇಡಂ ನಿಂತಿದ್ದರು.

ಕೆ.ಟಿ. ಬಂತು. ನಮ್ಮ ಕಡೆ ಫೇಲಾದರೆ ಹಾಗೆನ್ನುತ್ತೇವೆ, ಕೇಳಲು ಸ್ವಲ್ಪ ಗೌರವವಾಗಿರುತ್ತದೆ. ಗಣಿತದ್ದೊಂದು ಕೆ.ಟಿ. ಆಗಲೇ ಹೆಗಲೇರಿ ಕೂತಿತ್ತು. ಇದೂ ಉಳಿದರೆ ಎರಡನೇ ವರ್ಷಕ್ಕೆ ಪ್ರವೇಶವಿಲ್ಲ ಎಂದು ಆಫೀಸಿನವರು ಹೇಳಿದರು. ರಜೆ ಮುಗಿಯುವ ಹೊತ್ತಿಗೆ ಮರುಪರೀಕ್ಷೆ. ಅಷ್ಟರೊಳಗೆ ನಾನು ಪ್ರೋಗ್ರಾಂ ಬರೆಯುವುದನ್ನು ಕಲಿಯಬೇಕಿತ್ತು, ಬರೆದದ್ದನ್ನು ಒಪ್ಪಿಸುವುದನ್ನಲ್ಲ.

ಡೊಂಬಿವಲಿಯ ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದರು. ವಿಜಯಪುರದ ಕಡೆಯಿಂದ ಬಂದವರು, ಕಲ್ಯಾಣದ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸ.

"ಪಾಸೋ ಫೇಲೋ?"

"ಕೆ.ಟಿ., ಅಪ್ಪಾ."

"ಕನ್ನಡದಾಗ ಹೇಳ."

"ಫೇಲ್."

"ಇದು ಕನ್ನಡ ಏನ್ಲೇ? ಏಳನೇತ್ತಾ ತನಾ ಕನ್ನಡ ಸಾಲಿಗೆ ಹಾಕಿದ್ದು ಇದಕ್ಕ?" ಅಪ್ಪ ರೊಟ್ಟಿ ಮುರಿದರು. "ಮತ್ತೊಮ್ಮೆ ಪರೀಕ್ಷಾ ಇಟ್ಟಾರಂತಲ್ಲ. ಅದರಾಗೂ ಹ್ವಾದ್ರ?"

"ವರ್ಷ ಹೋಗತೈತಿ."

"ಹ್ವಾದ್ರ ಮನ್ಯಾಗ ಕುಂದ್ರಸೂದಿಲ್ಲ ನೋಡ. ನನ್ನ ಕೂಡ ಗೋದಾಮಿಗೆ ಬರ್ತಿ. ಅಲ್ಲಿ ಎಷ್ಟ ಮಂದಿ ದನಿ ತಗದು ಅಣಕಿಸಿದ್ರೂ ಚೀಲ ತಾನಾಗಿ ಏಳೂದಿಲ್ಲ ಮಗನ."

ನಾನು ಅಪ್ಪನ ದನಿಯನ್ನೂ ಚೆನ್ನಾಗಿ ತೆಗೆಯುತ್ತೇನೆ. ಆ ದಿನ ತೆಗೆಯಲಿಲ್ಲ.

ಬೇಲಾಪುರದಲ್ಲಿರುವ ನಮ್ಮ ಕಾಲೇಜಿನಲ್ಲಿ ಮೇಡಂ ರಜೆಯಲ್ಲೂ ಲ್ಯಾಬ್ ತೆರೆದಿಟ್ಟರು. ಅವರು ಬೆಳಗಾವಿಯವರು. ಎಲ್ಲರ ಜೊತೆ ಮರಾಠಿ, ಇಂಗ್ಲಿಷ್. ನನ್ನ ಜೊತೆ ಕನ್ನಡ, ಅದೂ ಸಿಟ್ಟು ಬಂದಾಗ ಮಾತ್ರ. ಹೀಗಾಗಿ ಆ ರಜೆಯಲ್ಲಿ ನನ್ನ ಕನ್ನಡ ಬಹಳ ಸುಧಾರಿಸಿತು.

"ಏನಪಾ, ನಾ ಕೆಮ್ಮೂದನ್ನೂ ಬಾಯಿಪಾಠ ಮಾಡೀಯಲ್ಲ. ನಾ ಹೇಳೂದು ಒಂದಾದರೂ ತಲೀಗೆ ಹೋತೇನು?"

ನನ್ನ ಜೊತೆ ಕೆ.ಟಿ. ಬಂದಿದ್ದವಳು ಸಾನಪಾಡಾದ ಸಹಪಾಠಿ. ಅವಳ ತಂದೆತಾಯಿ ಬೆಂಗಳೂರಿನವರು, ಇಬ್ಬರೂ ಐಟಿಯಲ್ಲಿ. ಅವಳು ಫೇಲಾದ ಕಾರಣ ನನ್ನದರ ತದ್ವಿರುದ್ಧ. ಅವಳಿಗೆ ಎಲ್ಲ ಗೊತ್ತಿತ್ತು, ಪರೀಕ್ಷಕರ ಮುಂದೆ ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಟ್ಟದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಮೇಡಂ ನಮ್ಮಿಬ್ಬರನ್ನೂ ಒಂದೇ ಬೆಂಚಿಗೆ ಕೂರಿಸಿ, "ಇಬ್ಬರನ್ನೂ ಕೂಡಿಸಿದ್ರ ಒಬ್ಬ ಪೂರ್ತಿ ವಿದ್ಯಾರ್ಥಿ ಆಗತಾನ" ಎಂದು ಹೋದರು.

ಅವರ ನಿಯಮ ಒಂದೇ: ಕೀಬೋರ್ಡ್ ಮುಟ್ಟುವ ಮೊದಲು ಪ್ರೋಗ್ರಾಂ ಅನ್ನು ಕಾಗದದ ಮೇಲೆ ಕೈಯಲ್ಲೇ ಓಡಿಸಬೇಕು. ಒಂದೊಂದು ಸಾಲು ಓದು, ಯಾವ ಹೆಸರಿನ ಡಬ್ಬಿಯಲ್ಲಿ ಈಗ ಯಾವ ಬೆಲೆ ಇದೆ ಎಂದು ಬರೆ, ಮುಂದಿನ ಸಾಲಿಗೆ ಹೋಗು. ಇಷ್ಟೇ. ನೋಡಲು ಅಂಗನವಾಡಿಯ ಆಟದಂತಿದ್ದ ಈ ಕೆಲಸದಲ್ಲಿ ನನಗೆ ಪ್ರತಿ ಸಲ ಸರಿ ಉತ್ತರ ಬರುತ್ತಿತ್ತು, ಅದೇ ಪ್ರೋಗ್ರಾಂ ಯಂತ್ರದಲ್ಲಿ ಓಡಿಸಿದರೆ ತಪ್ಪು ಉತ್ತರ.

ಸಹಪಾಠಿ ನನ್ನ ಕಾಗದ ಎಳೆದುಕೊಂಡು ನೋಡಿದಳು. "ಇಲ್ಲಿ ಸೊನ್ನೆ ಎಲ್ಲಿಂದ ಬಂತೋ?"

"ಎಣಿಕೆ ಶುರುವಾಗೋದು ಸೊನ್ನೆಯಿಂದ ತಾನೇ?"

"ಹಾಗಂತ ನೀನು ಎಲ್ಲಿ ಬರೆದಿದ್ದೀಯ? ತೋರಿಸು."

"ಬರೆದಿಲ್ಲ, ಆದ್ರೆ ಅರ್ಥ ಅದೇ ಅಲ್ವಾ..."

"ಅರೇ ಯಾರ್! ನೀನು ಕಂಪ್ಯೂಟರ್ ಥರ ಓದ್ತಾ ಇಲ್ಲ ಕಣೋ. ನಿನ್ನ ಪ್ರೋಗ್ರಾಂ ಪರವಾಗಿ ವಕೀಲಿ ಮಾಡ್ತಾ ಇದೀಯ. ಬರೆದಿಲ್ಲ ಯುವರ್ ಆನರ್, ಆದ್ರೆ ನನ್ನ ಕಕ್ಷಿದಾರನ ಮನಸ್ಸಲ್ಲಿ ಇತ್ತು!"

ಅವಳು ದನಿ ತೆಗೆದದ್ದು ಅದೇ ಮೊದಲು. ಚೆನ್ನಾಗಿಯೇ ತೆಗೆದಳು, ನನಗೆ ಹೊಟ್ಟೆ ಉರಿಯಿತು. ಆದರೆ ಮಾತು ನಾಟಿತು. ನಾನು ನಮ್ಮ ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರ ಅಣಕ ಮಾಡಿದ್ದೇನೆ. ಇದೊಂದು ಯಂತ್ರದ ಅಣಕ ಮಾಡಲು ಬರುವುದಿಲ್ಲವೇ? ಅಣಕಕ್ಕೂ ಒಂದು ಕಸುಬುದಾರಿಕೆ ಇದೆ. ಒಬ್ಬ ವ್ಯಕ್ತಿ ಏನು ಮಾಡುತ್ತಾನೆ ಎನ್ನುವುದಕ್ಕಿಂತ ಏನು ಮಾಡುವುದೇ ಇಲ್ಲ ಎನ್ನುವುದನ್ನು ಮೊದಲು ಹಿಡಿಯಬೇಕು. ನಮ್ಮ ವಾಚ್‌ಮನ್ ಎಂದೂ ಮುಖ ಎತ್ತಿ ಮಾತಾಡುವುದಿಲ್ಲ, ಅದು ಸಿಕ್ಕಿದರೆ ವಾಚ್‌ಮನ್ ಸಿಕ್ಕಿದ. ಯಂತ್ರ ಏನೇನು ಮಾಡುವುದಿಲ್ಲ? ಊಹಿಸುವುದಿಲ್ಲ. ಹಿಂದಿನ ಸಲ ಹೀಗಿತ್ತು ಎಂದು ನೆನೆಸಿಕೊಳ್ಳುವುದಿಲ್ಲ. ಪಾಪ ಹುಡುಗ, ಇದನ್ನೇ ಹೇಳಲು ಹೊರಟಿರಬೇಕು ಎಂದು ಕನಿಕರ ಪಡುವುದಿಲ್ಲ.

"ಇವತ್ತಿಂದ ನಾನೇ ಯಂತ್ರ. ಏನು ಬೇಕಾದರೂ ಬರೆದುಕೊಡು, ಓಡಿಸ್ತೀನಿ" ಎಂದೆ.

ಕ್ಯಾಂಟೀನಿನಲ್ಲಿ ಅವಳು ಒಂದು ಚೀಟಿ ಕೊಟ್ಟಳು. ನಿಲ್ದಾಣದ ಸಂಖ್ಯೆ ಒಂದು, ಅಂದರೆ ಐರೋಲಿ. ಆ ಸಂಖ್ಯೆ ಬೇಲಾಪುರದ ಸಂಖ್ಯೆಗಿಂತ ಚಿಕ್ಕದಿರುವ ತನಕ, ಆ ನಿಲ್ದಾಣದ ಹೆಸರು ಕೂಗು. ನಾನು ಎದ್ದು ನಿಂತು, ರೈಲಿನೊಳಗೆ ಮುಂದಿನ ನಿಲ್ದಾಣ ಸಾರುವ ಹೆಂಗಸಿನ ಧ್ವನಿಮುದ್ರಿತ ದನಿಯಲ್ಲಿ, "ಪುಢೀಲ್ ಸ್ಥಾನಕ್, ಐರೋಲಿ" ಎಂದೆ. ಚೀಟಿಯ ಮೇಲಿನ ಸಾಲಿಗೆ ಹೋಗಿ ಸಂಖ್ಯೆ ನೋಡಿದೆ. ಇನ್ನೂ ಒಂದೇ. "ಪುಢೀಲ್ ಸ್ಥಾನಕ್, ಐರೋಲಿ." ಮತ್ತೆ ನೋಡಿದೆ. ಒಂದೇ. ಸಂಖ್ಯೆಯನ್ನು ಒಂದು ಹೆಚ್ಚಿಸುವ ಸಾಲನ್ನು ಅವಳು ಬೇಕೆಂದೇ ಬಿಟ್ಟಿದ್ದಳು, ನಾನು ವಕೀಲಿಗೆ ಇಳಿಯುತ್ತೇನೋ ಎಂದು ಪರೀಕ್ಷಿಸಲು. ನಾನು ಇಳಿಯಲಿಲ್ಲ. ಐರೋಲಿ, ಐರೋಲಿ, ಐರೋಲಿ. ವಡಾ ಕರಿಯುತ್ತಿದ್ದ ಕ್ಯಾಂಟೀನಿನಾತ ಜಾರಾ ಸೌಟು ಎತ್ತಿಕೊಂಡು ಬಂದ.

"ಏ ಭಾವೂ! ಗಾಡಿ ಪುಢೇ ನೇ, ನಾಹೀತರ್ ಉತರ್!"

ಗಾಡಿ ಮುಂದಕ್ಕೆ ಬಿಡು, ಇಲ್ಲವೇ ಇಳಿ. ಕೊನೆಯಿಲ್ಲದ ಲೂಪಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಈವರೆಗೂ ಸಿಕ್ಕಿಲ್ಲ. ಸಹಪಾಠಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು.

ಆಮೇಲೆ ಕೆಲಸ ಸಾಗಿತು. ಅವಳು ಬರೆಯುವುದು, ನಾನು ಯಂತ್ರವಾಗಿ ಓಡಿಸುವುದು. ನಾನು ಬರೆಯುವುದು, ಅವಳು ಓಡಿಸುತ್ತ ಪ್ರತಿ ಸಾಲನ್ನೂ ಗಟ್ಟಿಯಾಗಿ ಹೇಳುವುದು. ಅವಳ ಬಾಯಿ ತೆರೆಯಿತು, ನನ್ನದು ಆಗಾಗ ಮುಚ್ಚಿತು. ಆಗ ಮೇಡಂ ರಜೆಯ ದೊಡ್ಡ ಕೆಲಸ ಕೊಟ್ಟರು: ದಿನಾ ನೀವು ಮಾಡುವ ಒಂದು ಕೆಲಸವನ್ನು ಪ್ರೋಗ್ರಾಂ ಆಗಿ ಬರೆಯಿರಿ. ಅದನ್ನು ಬರೆದು ಅವರೆದುರು ಓಡಿಸಿದವರ ಹೆಸರನ್ನಷ್ಟೇ ಮರುಪರೀಕ್ಷೆಗೆ ಕಳಿಸುವುದಾಗಿ ಹೇಳಿದರು.

ನಾನು ದಿನಾ ಮಾಡುವುದು ಸೀಟು ಹಿಡಿಯುವುದು. ಡೊಂಬಿವಲಿಯಿಂದ ಠಾಣೆಗೆ ನೇತಾಡಿಕೊಂಡು ಬಂದು, ಅಲ್ಲಿ ಪನ್ವೇಲ್ ಗಾಡಿ ಹತ್ತಿದ ಮೇಲೆ ನಮ್ಮ ಪದ್ಧತಿ ಶುರುವಾಗುತ್ತದೆ. ನಿಂತವನು ಕೂತವನನ್ನು "ಎಲ್ಲಿ ಇಳೀತೀರಿ?" ಎಂದು ಕೇಳುತ್ತಾನೆ. ಅವನು ಐರೋಲಿ ಎಂದರೆ ಆ ಸೀಟು ಕೇಳಿದವನಿಗೆ ಬುಕ್ ಆದಂತೆ, ಇನ್ನೊಬ್ಬ ಕೇಳಿದರೆ "ಬೋಲ್ ದಿಯಾ", ಆಗಲೇ ಒಬ್ಬರಿಗೆ ಹೇಳಿಯಾಯಿತು, ಎಂದರೆ ಸಾಕು, ಜಗಳವಿಲ್ಲ. ಮೂವರ ಬೆಂಚಿನಲ್ಲಿ ನಾಲ್ವರು ಕೂರುವುದು, ಕಿಟಕಿಯವನು ಎದ್ದರೆ ಉಳಿದವರೆಲ್ಲ ಒಂದೊಂದು ಜಾಗ ಕಿಟಕಿಯತ್ತ ಸರಿಯುವುದು, ಬುಕ್ ಮಾಡಿದವನು ಹೊರತುದಿಯಲ್ಲಿ ಅರ್ಧ ಆಸನಕ್ಕೆ ಅಂಟಿಕೊಳ್ಳುವುದು, ಇದೆಲ್ಲ ಯಾರೂ ಬರೆದಿಡದ ಕಾನೂನು.

ಪ್ರೋಗ್ರಾಂ ಸುಲಭವೆನಿಸಿತು. ಕೂತವರದೊಂದು ಪಟ್ಟಿ, ಕಿಟಕಿಯಿಂದ ಹೊರತುದಿಗೆ. ಪ್ರತಿಯೊಬ್ಬನಿಗೂ ಇಳಿಯುವ ನಿಲ್ದಾಣ. ಗಾಡಿ ನಿಂತಾಗ ಪಟ್ಟಿಯನ್ನು ಮೊದಲಿನಿಂದ ನೋಡುತ್ತ ಹೋಗು, ಇಲ್ಲಿ ಇಳಿಯುವವನು ಸಿಕ್ಕಿದರೆ ಅವನನ್ನು ತೆಗೆ, ಕೊನೆಗೆ ಬುಕ್ ಮಾಡಿದವರನ್ನು ಸೇರಿಸು.

ಮೊದಲು ನಿಲ್ದಾಣಗಳನ್ನು ಹೆಸರಿನಿಂದಲೇ ಹೋಲಿಸಿದೆ. ಯಂತ್ರ ಇಂಗ್ಲಿಷ್ ಅಕ್ಷರಮಾಲೆಯಂತೆ ಹೋಲಿಸಿ, ದಾರಿಯಲ್ಲಿ ಆಮೇಲೆ ಬರುವ ನೆರೂಳ್ ಅನ್ನು ತುರ್ಭೆಗಿಂತ ಮುಂಚೆ ತಂದಿತು. ಅದನ್ನು ಸರಿಪಡಿಸಿ ನಿಲ್ದಾಣಗಳಿಗೆ ಸಾಲಾಗಿ ಅಂಕಿ ಕೊಟ್ಟೆ. ಆಗ ನಿಜವಾದ ಪೀಡೆ ಕಾಣಿಸಿತು. ಐರೋಲಿಯಲ್ಲಿ ಇಳಿಯಬೇಕಾದ ಒಬ್ಬ ಪ್ರಯಾಣಿಕ ಇಳಿಯಲೇ ಇಲ್ಲ. ಅವನ ಪಕ್ಕದವನು ಇಳಿದ, ಎದುರಿನವನು ಇಳಿದ. ಇವನೊಬ್ಬ ಕಾಲು ಚಾಚಿ ಬೇಲಾಪುರದ ತನಕ ಬರುತ್ತಿದ್ದ.

ಎಲ್ಲ ಸಾಲು ತಿರುವಿ ನೋಡಿದೆ, ತಪ್ಪು ಕಾಣಲಿಲ್ಲ. ಕೊನೆಗೆ ನನ್ನ ಹಳೆಯ ಚಾಳಿಗೆ ತಿರುಗಿದೆ: ಆ ಜಾಗದವನು ಐರೋಲಿಯಲ್ಲಿ ಇನ್ನೂ ಕೂತಿದ್ದರೆ ಅವನನ್ನು ತೆಗೆದುಹಾಕು ಎಂದು ಅವನೊಬ್ಬನಿಗಾಗಿಯೇ ಒಂದು ಸಾಲು ತುರುಕಿದೆ. ಉತ್ತರ ಸರಿ ಬಂತು. ಸಹಪಾಠಿ ಹುಬ್ಬೇರಿಸಿದಳು. "ಇದು ಕತ್ತು ಹಿಡಿದು ದಬ್ಬೋದು ಕಣೋ. ಪ್ರೋಗ್ರಾಂ ಅಲ್ಲ."

ನಾನು ಕೇಳಲಿಲ್ಲ, ಮೇಡಂಗೆ ತೋರಿಸಿದೆ. ಅವರು ಪಟ್ಟಿಯಲ್ಲಿ ಪ್ರಯಾಣಿಕರ ಜಾಗಗಳನ್ನು ಅದಲುಬದಲು ಮಾಡಿ ಓಡಿಸಿದರು. ಈ ಸಲ ರಬಾಳೆಯಲ್ಲಿ ಇಳಿಯಬೇಕಾದವನೊಬ್ಬ ಬೇಲಾಪುರಕ್ಕೆ ಬಂದಿಳಿದ.

"ಇವಂಗೂ ಒಂದು ಸಾಲು ಬರೀತೀಯೇನು? ಹಿಂಗ ಊರ ಮಂದಿಗೆಲ್ಲ ಒಂದೊಂದು ಸಾಲು ಬರಕೋತ ಕುಂತ್ರ ನಿನ್ನ ಪರೀಕ್ಷಾ ಯಾವಾಗಪಾ?"

ಮರುಪರೀಕ್ಷೆಗೆ ಹೆಸರು ಕಳಿಸುವ ಗಡುವು ಹತ್ತಿರವಾಗುತ್ತಿತ್ತು. ಸಹಪಾಠಿಯ ಪ್ರೋಗ್ರಾಂ ಮುಗಿದಿತ್ತು. ಅದರ ಹಾಗೆಯೇ ಒಂದು ಬರೆದುಕೋ, ನಾನೇನೂ ಅಂದುಕೊಳ್ಳುವುದಿಲ್ಲ ಎಂದು ಅವಳೇ ಹೇಳಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಬೇಡ ಎಂದೆ. ಅದು ದೊಡ್ಡತನವಲ್ಲ, ಭಯ. ಅವಳ ಹೆಸರೂ ಎಲ್ಲಾದರೂ ಅಚ್ಚಾಗಿಬಿಟ್ಟರೆ? ತುರುಕಿದ್ದ ಸಾಲನ್ನು ಅಳಿಸಿಹಾಕಿ, ಇಳಿಯದ ಪ್ರಯಾಣಿಕನನ್ನು ಮತ್ತೆ ಅವನ ಜಾಗದಲ್ಲಿ ಕೂರಿಸಿದೆ. ಇವನು ಯಾಕೆ ಇಳಿಯುತ್ತಿಲ್ಲ ಎಂದು ಗೊತ್ತಾಗುವ ತನಕ ಬೇರೆ ಸಾಲು ಬರೆಯುವುದಿಲ್ಲ ಎಂದು ನಿಶ್ಚಯಿಸಿದೆ.

ಮರುದಿನ ಬೆಳಗ್ಗೆ ಠಾಣೆಯಲ್ಲಿ ಗಾಡಿ ಹತ್ತಿ ಎದುರಿನ ಬೆಂಚಿನವರನ್ನು ವಿಚಾರಿಸಿದೆ. ಕಿಟಕಿಯವನು ಐರೋಲಿ. ಅವನ ಪಕ್ಕದ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದವನೂ ಐರೋಲಿ. ಮೂರನೆಯವನು ನೆರೂಳ್. ಎರಡನೆಯವನ ಸೀಟನ್ನು ಬುಕ್ ಮಾಡಿ ನಿಂತೆ. ಅವನು ಕಣ್ಣು ಮುಚ್ಚಿದ. ನಾನು ಯಂತ್ರವಾದೆ. ಯಂತ್ರಕ್ಕೆ ಮುಖಗಳು ಗೊತ್ತಿಲ್ಲ, ಜಾಗಗಳಷ್ಟೇ ಗೊತ್ತು. ತೊಡೆಗೆ ಅಂಟಿಸಿಕೊಂಡ ಕೈಯಲ್ಲೇ ತೋರುಬೆರಳು ಚಾಚಿ, ಮೊದಲ ಜಾಗ, ಎರಡನೇ ಜಾಗ ಎಂದು ಎಣಿಸುತ್ತ ಬಂದೆ.

ಐರೋಲಿ ಬಂತು. ಬೆರಳು ಮೊದಲ ಜಾಗದ ಮೇಲೆ: ಇವನು ಇಲ್ಲಿ ಇಳಿಯುವವನೇ? ಹೌದು. ಕಿಟಕಿಯವನು ಎದ್ದು ಹೋದ. ಬೆರಳು ಎರಡನೇ ಜಾಗಕ್ಕೆ ಸರಿಯಿತು. ಅಷ್ಟರಲ್ಲಿ ಇಯರ್‌ಫೋನಿನವನು, ವರ್ಷಗಳ ರೂಢಿಯಿಂದ, ಕಣ್ಣು ಮುಚ್ಚಿಕೊಂಡೇ ಕಿಟಕಿಗೆ ಸರಿದುಬಿಟ್ಟ. ಅವನ ಹಿಂದೆ ನೆರೂಳಿನವನು ಸರಿದ. ಈಗ ನನ್ನ ಬೆರಳಿನ ಕೆಳಗಿದ್ದವನು ನೆರೂಳಿನವನು. ಇವನು ಇಲ್ಲಿ ಇಳಿಯುವವನೇ? ಅಲ್ಲ. ಮುಂದೆ.

ಬೆರಳು ಅಲ್ಲೇ ನಿಂತಿತು. ಮೊದಲನೆಯವನನ್ನು ತೆಗೆದ ಕೂಡಲೇ ಎರಡನೆಯವನು ಮೊದಲ ಜಾಗಕ್ಕೆ ಬಂದ. ಮೊದಲ ಜಾಗವನ್ನು ನಾನು ಆಗಲೇ ನೋಡಿ ಮುಗಿಸಿದ್ದೆ. ಸರಿದು ಕೂತವನನ್ನು ಯಾರೂ ಕೇಳಲೇ ಇಲ್ಲ! ಅಕ್ಕಪಕ್ಕದ ಇಬ್ಬರು ಒಂದೇ ಕಡೆ ಇಳಿಯುವವರಾದರೆ ಎರಡನೆಯವನು ಪ್ರತಿ ಸಲವೂ ತಪ್ಪಿಸಿಕೊಳ್ಳುತ್ತಾನೆ. ನೋಡುತ್ತ ಹೋಗುವ ಪಟ್ಟಿಯಿಂದಲೇ ತೆಗೆಯುತ್ತಲೂ ಹೋದದ್ದು ನನ್ನ ತಪ್ಪು.

ನಾನು ಗಟ್ಟಿಯಾಗಿ "ಸಿಕ್ಕಿದ!" ಎಂದು ಕೂಗಿಬಿಟ್ಟೆ. ಆ ಕೂಗಿಗೆ ಕಣ್ಣು ಬಿಟ್ಟ ಇಯರ್‌ಫೋನಿನವನು ಹೊರಗೆ ನೋಡಿದ. ಗಾಡಿ ಆಗಲೇ ಪ್ಲಾಟ್‌ಫಾರಂ ಬಿಟ್ಟಿತ್ತು.

"ಐರೋಲಿ ಗಯಾ? ಅರೇ, ಸೀಟ್ ತೂನೇ ಮಾಂಗಾ ಥಾ ನಾ? ಜಗಾನೇಕಾ ನಾ!"

ಅವನ ಮಾತು ನ್ಯಾಯವಾಗಿತ್ತು. ಸೀಟು ಬುಕ್ ಮಾಡಿದವನು ಮಲಗಿದವನನ್ನು ಎಬ್ಬಿಸಬೇಕು, ಅದೂ ನಮ್ಮ ಕಾನೂನಿನಲ್ಲಿದೆ. ಯಂತ್ರ ಯಾರನ್ನೂ ಎಬ್ಬಿಸುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಕೈ ಮುಗಿದೆ. ಅವನು ರಬಾಳೆಯಲ್ಲಿ ಇಳಿದು, ಕಿಟಕಿಯಾಚೆಯಿಂದಲೂ ಬೈಯುತ್ತ ನಿಂತ. ನಾನು ಬೆಂಚಿನ ಹೊರತುದಿಯಲ್ಲಿ ಕೂತು ಬೇಲಾಪುರದವರೆಗೆ ಒಬ್ಬನೇ ನಗುತ್ತಿದ್ದೆ.

ಲ್ಯಾಬಿನಲ್ಲಿ ಪ್ರೋಗ್ರಾಂ ತಿದ್ದಿದೆ. ಹಳೆಯ ಪಟ್ಟಿಯನ್ನು ಮುಟ್ಟುವುದೇ ಬೇಡ. ಅದನ್ನು ಪೂರ್ತಿ ನೋಡುತ್ತ, ಇಳಿಯದೆ ಉಳಿಯುವವರನ್ನು ಮಾತ್ರ ಹೊಸ ಪಟ್ಟಿಗೆ ಸೇರಿಸುತ್ತ ಹೋಗುವುದು. ಮೇಡಂ ಪ್ರಯಾಣಿಕರನ್ನು ಹೇಗೆ ಕೂರಿಸಿದರೂ ಎಲ್ಲರೂ ಅವರವರ ನಿಲ್ದಾಣದಲ್ಲಿ ಇಳಿದರು. ಅವರು ಹೊಗಳಲಿಲ್ಲ. ನನ್ನ ಹೆಸರನ್ನು ಮರುಪರೀಕ್ಷೆಗೆ ಕಳಿಸಿದರು.

ಪರೀಕ್ಷೆಯ ದಿನ ಲ್ಯಾಬಿನ ಬಾಗಿಲಲ್ಲಿ ಕಂಡದ್ದು ಹಣೆಗೇರಿಸಿದ ಅದೇ ಕನ್ನಡಕ. ಅವರು ನನ್ನನ್ನು ಮರೆತಿರಲಿಲ್ಲ. "ಆಯಿಯೇ ಗುರೂಜೀ" ಎಂದರು. ಮೊದಲು ಸಹಪಾಠಿಯ ಸರದಿ. ಅವಳು ನಡುಗುವ ದನಿಯಲ್ಲಿ ಶುರುಮಾಡಿ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಪರೀಕ್ಷಕರಿಗೇ ನಡುವೆ ಬಾಯಿ ಹಾಕಲು ಬಿಡಲಿಲ್ಲ. ಪಾಸು.

ನನಗೆ ಕೊಟ್ಟ ಪ್ರಶ್ನೆ: ಅಂಕಗಳ ಒಂದು ಪಟ್ಟಿಯಿಂದ ಫೇಲಾದವನ್ನೆಲ್ಲ ತೆಗೆದು ಉಳಿದವನ್ನು ತೋರಿಸು. ಬೆರಳುಗಳು ತಾವಾಗಿಯೇ ಸೀನಿಯರ್‌ನ ಮೊದಲ ಸಾಲನ್ನು ಟೈಪ್ ಮಾಡತೊಡಗಿದವು, ಎಷ್ಟು ಚೆನ್ನಾಗಿ ಪಳಗಿದ್ದವೋ! ಅಳಿಸಿದೆ. ನನ್ನದೇ ಬರೆದೆ. ಓಡಿಸಿದರೆ ಕೆಂಪು ಅಕ್ಷರ: ಸಾಲಿನ ಕೊನೆಯ ಎರಡು ಚುಕ್ಕಿ ಮರೆತಿದ್ದೆ. ಹಾಕಿದೆ. ಮತ್ತೆ ಕೆಂಪು: ಪಟ್ಟಿಗೆ ಮೇಲೆ ಒಂದು ಹೆಸರು, ಕೆಳಗೆ ಇನ್ನೊಂದು. ತಿದ್ದಿದೆ. ಓಡಿತು, ಆದರೆ ಪಾಸಾದವರು ಹೋಗಿ ಫೇಲಾದವರೆಲ್ಲ ಉಳಿದಿದ್ದರು, ನನ್ನ ಹೋಲಿಕೆಯ ಚಿಹ್ನೆ ತಿರುಗುಮುರುಗಾಗಿತ್ತು. ಅದನ್ನೂ ತಿದ್ದಿದೆ. ಈಗ ಫೇಲಾದ ಒಂದೇ ಒಂದು ಅಂಕ ಉಳಿದುಕೊಂಡಿತ್ತು, ಪಾಸಾದವರ ನಡುವೆ ಸಾಚಾ ಮುಖ ಮಾಡಿಕೊಂಡು.

ಗಾಬರಿಯಲ್ಲಿ ನಾನು ಅದೇ ಹಳೆಯ ದಾರಿ ಹಿಡಿದಿದ್ದೆ, ನೋಡುವ ಪಟ್ಟಿಯಿಂದಲೇ ತೆಗೆದಿದ್ದೆ. ಆದರೂ ನಗು ಬಂತು. ಈ ಮಹಾಶಯ ನನಗೆ ಪರಿಚಿತ.

"ಏನಾಯಿತು?" ಪರೀಕ್ಷಕರು ಹಿಂದಿಯಲ್ಲಿ ಕೇಳಿದರು.

ಮೇಜಿನ ಮೇಲೆ ಬೆರಳಿಟ್ಟು, ಯಾರ ದನಿಯನ್ನೂ ತೆಗೆಯದೆ, ಜಾಗ ಜಾಗವಾಗಿ ಪಟ್ಟಿ ಓಡಿಸಿ ತೋರಿಸಿದೆ: ಇವನನ್ನು ತೆಗೆದೆ, ಪಕ್ಕದವನು ಇಲ್ಲಿಗೆ ಸರಿದ, ಬೆರಳು ಅವನನ್ನು ದಾಟಿ ಮುಂದೆ ಹೋಯಿತು. ಹೊಸ ಪಟ್ಟಿ ಮಾಡಿ ಓಡಿಸಿದೆ. ಉತ್ತರ ಸರಿಯಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ.

ಪರೀಕ್ಷಕರು ಕನ್ನಡಕ ಇಳಿಸಿ ಪರದೆ ನೋಡಿದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಮೇಡಂ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದರು: "ಹುಡುಗ ಚೆನ್ನಾಗಿ ಮಾತಾಡ್ತಾನೆ. ಆದರೆ ಹೋದ ಸಲವೂ ಮಾತಾಡಿದ್ದ. ಇದನ್ನೂ ಎಲ್ಲಿಂದಲೋ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ಅನಿಸುತ್ತೆ."

ಪೆನ್ನು ಅಂಕದ ಹಾಳೆಯ ಮೇಲೆ ನಿಂತಿತ್ತು. ನಾನು ಬಾಯಿ ತೆರೆದೆ, ಮೇಡಂ ನನ್ನ ಹೆಗಲು ಒತ್ತಿ ಮುಚ್ಚಿಸಿದರು. ಅವರು ಹೇಳಿದ್ದೂ ಮರಾಠಿಯಲ್ಲೇ. ಆದರೆ ನನ್ನ ಕಿವಿಗೆ ಅದು ಬೆಳಗಾವಿ ಕನ್ನಡದಲ್ಲೇ ಬಿದ್ದಿದೆ, ಹಾಗೆಯೇ ಬರೆಯುತ್ತೇನೆ. ಅದನ್ನು ಕೇಳಿದ ಪರೀಕ್ಷಕರು ಪಾಸಿನ ಅಂಕ ಬರೆದು ಮುಂದಿನವನನ್ನು ಕರೆದರು.

"ಬಾಯಿಪಾಠ ಹೋದ ಸಲದ್ದು ಸರ್, ಅದರಾಗ ಒಂದೂ ತಪ್ಪಿರಲಿಲ್ಲ. ಇವತ್ತಿನ ಇಷ್ಟೂ ತಪ್ಪು ಅವನ ಸ್ವಂತದ್ದು, ಬೇರೆ ಯಾರ ಹತ್ರಾನೂ ಸಿಗೂದಿಲ್ಲ."